ಮೂರು ತೆಗೆದೆ!

ಕಳೆದ ಜುಲೈ. ಮಣಿಪಾಲದ ಮಳೆ ಗೊತ್ತಲ್ಲ, ಕಿಟಕಿ ಮುಚ್ಚಿದ್ದರೂ ಪುಸ್ತಕದ ಹಾಳೆ ಮೆತ್ತಗಾಗುತ್ತದೆ. ಅಂಥ ಒಂದು ಮಧ್ಯಾಹ್ನ ಕಾರ್ಕಳ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪನ್ನು ಶಾಲಿನಲ್ಲಿ ಸುತ್ತಿಕೊಂಡು ನನ್ನ ಕೋಣೆಗೆ ಬಂದಳು. ಅಜ್ಜ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಯಕ್ಷಗಾನ ಪ್ರಸಂಗಗಳನ್ನು ಆರು ತಿಂಗಳು ಕೂತು ಟೈಪ್ ಮಾಡಿ, ವೆಬ್‌ಪುಟವೊಂದರಲ್ಲಿ ಎಲ್ಲರಿಗೂ ಓದಲು ಸಿಗುವಂತೆ ಮಾಡುತ್ತಿದ್ದಳು. ಪದ್ಯಗಳು ಪರದೆಯ ಮೇಲೆ ಚೆನ್ನಾಗಿಯೇ ಇಳಿಯುತ್ತಿದ್ದವು. ಆದರೆ ನಡುನಡುವೆ ಒಂದು ಅಕ್ಷರ ಮಾಯವಾಗಿ ಆ ಜಾಗದಲ್ಲಿ ಕಪ್ಪು ವಜ್ರದಾಕಾರದೊಳಗೆ ಪ್ರಶ್ನೆಚಿಹ್ನೆ ಕೂರುತ್ತಿತ್ತು. ಒಂದಲ್ಲ, ಎರಡು ಮೂರು ಒಟ್ಟಿಗೆ.

"ಮೇಡಂ, ಅಜ್ಜ ಬರೆದದ್ದರಲ್ಲಿ ತಪ್ಪಿಲ್ಲ, ನಾನು ಟೈಪ್ ಮಾಡಿದ್ದರಲ್ಲೂ ಇಲ್ಲ. ಮೂರು ಸಲ ನೋಡಿದ್ದೇನೆ. ರೀಲೋಡ್ ಮಾಡಿದರೆ ಬೇರೆ ಕಡೆ ಒಡೆಯುತ್ತದೆ" ಅಂದಳು.

ಆ ಕೊನೆಯ ಮಾತೇ ಸುಳಿವು. ತಪ್ಪು ಬರಹದಲ್ಲಿದ್ದರೆ ಒಂದೇ ಜಾಗದಲ್ಲಿ ಕೂತಿರಬೇಕು. ಜಾಗ ಬದಲಾಯಿಸುತ್ತದೆ ಎಂದರೆ ತಪ್ಪು ಇರುವುದು ಸಾಗಣೆಯಲ್ಲಿ. ನಾನು ಇಪ್ಪತ್ತು ವರ್ಷಗಳಿಂದ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತಿರುವವಳು. ಎರಡು ಪ್ರೋಗ್ರಾಂಗಳ ನಡುವೆ ದತ್ತಾಂಶ ಹೇಗೆ ಹರಿಯಬೇಕು ಎಂಬುದು ನನಗೆ ಪಠ್ಯದ ಒಂದು ಅಧ್ಯಾಯವಾಗಿ ಮಾತ್ರ ಉಳಿದಿಲ್ಲ. ಆ ವಿಷಯವನ್ನು ಸಾಮಾನ್ಯ ಓದುಗರ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಯಾಕೆಂದರೆ ಈ ಪತ್ರಿಕೆಯನ್ನು ನೀವು ಮೊಬೈಲಿನಲ್ಲಿ ಓದುತ್ತಿದ್ದರೆ, ಈ ಸಾಲು ಕೂಡ ಅಂಥದೊಂದು ದಾರಿಯಲ್ಲೇ ನಿಮ್ಮ ಕಣ್ಣಿಗೆ ಬಂದಿದೆ.

ಅದನ್ನು ವಿವರಿಸಲು ನನಗೆ ಕಾಪುವಿಗೆ ಹೋಗಬೇಕು. ಹೆದ್ದಾರಿ ಬದಿಯಲ್ಲಿ ಅಪ್ಪನದೊಂದು ಸಣ್ಣ ಹೋಟೆಲಿತ್ತು. ಆರು ಮೇಜು, ಒಂದು ಗಲ್ಲೆ, ಹಿಂದೆ ಅಡುಗೆಮನೆ. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಗೋಡೆ, ಗೋಡೆಯಲ್ಲೊಂದು ಕಿಟಕಿ, ಕಿಟಕಿಗೆ ಕಡಪ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಎಂಟು ಪ್ಲೇಟು ಹಿಡಿಯುತ್ತಿತ್ತು, ಒಂಬತ್ತನೆಯದು ಹಿಡಿಯುತ್ತಿರಲಿಲ್ಲ. ಭಟ್ಟರು ಎಡಗಡೆಯಿಂದ ಸಾಲಾಗಿ ಇಡುತ್ತಾ ಹೋಗುತ್ತಿದ್ದರು, ಸಪ್ಲಾಯರ್ ಅದೇ ಸಾಲಿನಲ್ಲಿ ಎತ್ತುತ್ತಿದ್ದ. ಬಲತುದಿ ಮುಟ್ಟಿದರೆ ಭಟ್ಟರು ಮತ್ತೆ ಎಡಗಡೆಯಿಂದ ಶುರು ಮಾಡುತ್ತಿದ್ದರು. ಅಷ್ಟರಲ್ಲಿ ಅಲ್ಲಿ ಖಾಲಿಯಾಗಿರುತ್ತಿತ್ತು. ಸಪ್ಲಾಯರ್ ಒಂದೇ ಒಂದು ಕೂಗು ಹಾಕುತ್ತಿದ್ದ: "ಮೂರು ತೆಗೆದೆ!" ಯಾವ ಮೇಜಿಗೆ, ಯಾರಿಗೆ, ಏನು ಎಂಬುದೆಲ್ಲ ಕೂಗಿನಲ್ಲಿ ಇರುತ್ತಿರಲಿಲ್ಲ. ಎಷ್ಟು ಎಂಬ ಲೆಕ್ಕ ಮಾತ್ರ. ಆ ಲೆಕ್ಕ ಕೇಳಿದರೆ ಭಟ್ಟರಿಗೆ ಇನ್ನೆಷ್ಟು ದೋಸೆ ಹುಯ್ಯಬಹುದು ಎಂದು ಗೊತ್ತಾಗುತ್ತಿತ್ತು. ಕೂಗು ಬರದಿದ್ದರೆ ಸೌಟು ಕೆಳಗಿಡುತ್ತಿದ್ದರು.

ಇಂದಿನ ಬ್ರೌಸರಿನ ಒಳಗೆ ಇರುವುದು ಇದೇ ವ್ಯವಸ್ಥೆ. ಗೋಡೆ ಯಾಕೆ ಬಂತು ಎಂಬುದನ್ನು ಮೊದಲು ಹೇಳುತ್ತೇನೆ.

ಹಿಂದೆ ಬ್ರೌಸರೆಂದರೆ ಒಂದೇ ಪ್ರೋಗ್ರಾಂ. ಹತ್ತು ಟ್ಯಾಬ್ ತೆರೆದಿದ್ದರೆ ಹತ್ತೂ ಒಂದೇ ಮನೆಯೊಳಗೆ. ಒಂದು ಕೆಟ್ಟರೆ ಎಲ್ಲವೂ ಮುಚ್ಚಿಹೋಗುತ್ತಿತ್ತು. 2008ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಕ್ರೋಮ್ ಬಂದಾಗ ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ಒಡೆದು ಕೂರಿಸಿತು. ಫೈರ್‌ಫಾಕ್ಸ್ ಆ ಹಾದಿಗೆ ಬರಲು 2016ರ ಆಗಸ್ಟ್ ಆಯಿತು, 48ನೇ ಆವೃತ್ತಿಯಲ್ಲಿ. ಅದು ಹಳೆಯ ಮನೆ, ಜನ ವಾಸವಿರುವಾಗಲೇ ಗೋಡೆ ಎಬ್ಬಿಸಬೇಕಿತ್ತು, ತಡವಾದದ್ದು ಸಹಜ. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾಯಿತು. ಪ್ರೊಸೆಸರಿನ ಒಂದು ನಡವಳಿಕೆಯನ್ನು ಬಳಸಿಕೊಂಡು, ಒಂದೇ ಪ್ರಕ್ರಿಯೆಯಲ್ಲಿರುವ ಒಂದು ಪುಟ ಇನ್ನೊಂದರ ಗುಟ್ಟನ್ನು ಓದಬಹುದು ಎಂದು ಗೊತ್ತಾಯಿತು. ನಿಮ್ಮ ಬ್ಯಾಂಕಿನ ಪುಟವೂ ಯಾವುದೋ ಜಾಹೀರಾತಿನ ಪುಟವೂ ಒಂದೇ ಕೋಣೆಯಲ್ಲಿರುವುದು ಅಪಾಯ ಎಂದು ಆಗ ಎಲ್ಲರಿಗೂ ಖಚಿತವಾಯಿತು. ಕ್ರೋಮ್ ಅದೇ ವರ್ಷ ಕಂಪ್ಯೂಟರ್‌ಗಳಲ್ಲಿ ಪ್ರತಿ ತಾಣಕ್ಕೂ ಬೇರೆ ಪ್ರಕ್ರಿಯೆ ಕೊಟ್ಟಿತು. ಫೈರ್‌ಫಾಕ್ಸ್ 2021ರಲ್ಲಿ ‘ಫಿಷನ್’ ಎಂಬ ಹೆಸರಿನಲ್ಲಿ ಅದನ್ನೇ ಮಾಡಿತು.

ಗೋಡೆ ಎದ್ದ ಮೇಲೆ ಪ್ರಶ್ನೆ ಹುಟ್ಟುವುದು ಕಿಟಕಿಯದು. ಜಾಲದಿಂದ ಬರುವ ಬೈಟುಗಳನ್ನು ಬರಮಾಡಿಕೊಳ್ಳುವುದು ಒಂದು ಪ್ರಕ್ರಿಯೆ, ಪುಟವನ್ನು ಬಿಡಿಸಿ ತೋರಿಸುವುದು ಇನ್ನೊಂದು. ನಡುವೆ ಮಾಲು ದಾಟಬೇಕು. ಮೊದಲಿನ ಕ್ರಮ ಸರಳ: ಬಂದದ್ದನ್ನೆಲ್ಲ ಚೂರು ಚೂರಾಗಿ ಸಂದೇಶದೊಳಗೆ ತುಂಬಿ ಆಚೆ ಕಳಿಸುವುದು. ಸಪ್ಲಾಯರ್ ಪ್ರತಿ ಪ್ಲೇಟಿಗೂ ಅಡುಗೆಮನೆಯ ಒಳಗೆ ಬಂದು, ದೋಸೆಯನ್ನು ತನ್ನ ಪ್ಲೇಟಿಗೆ ಬದಲಾಯಿಸಿಕೊಂಡು, ಹಾಲಿನಲ್ಲಿ ಮತ್ತೊಂದು ಪ್ಲೇಟಿಗೆ ಬದಲಾಯಿಸಿ ಬಡಿಸಿದ ಹಾಗೆ. ಒಂದೇ ಮಾಲು ಮತ್ತೆ ಮತ್ತೆ ನಕಲಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಸಂದೇಶ ಕಳಿಸುವವನಿಗೆ ಆಚೆಯವನು ಓದಿದನೋ ಇಲ್ಲವೋ ತಿಳಿಯುವುದಿಲ್ಲ. ಪುಟದ ಪ್ರಕ್ರಿಯೆ ಯಾವುದೋ ಭಾರದ ಸ್ಕ್ರಿಪ್ಟಿನಲ್ಲಿ ಸಿಕ್ಕಿಕೊಂಡಿದ್ದರೆ ಸಂದೇಶಗಳು ಅದರ ಬಾಗಿಲಲ್ಲಿ ರಾಶಿ ಬೀಳುತ್ತವೆ. ರಾಶಿ ಬೀಳುವುದು ನಿಮ್ಮ ಮೆಮೊರಿಯಲ್ಲಿ. 16 ಜಿಬಿ ಇರುವವರಿಗೆ ಅದು ಕಾಣಿಸುವುದಿಲ್ಲ. ನನ್ನ ವಿದ್ಯಾರ್ಥಿನಿಯ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 4.

ಈಗಿನ ಕ್ರಮ ಕಟ್ಟೆಯದು. ಎರಡೂ ಪ್ರಕ್ರಿಯೆಗಳು ಮೆಮೊರಿಯ ಒಂದು ತುಂಡನ್ನು ಹಂಚಿಕೊಳ್ಳುತ್ತವೆ. ಒಂದು ಬರೆಯುತ್ತದೆ, ಇನ್ನೊಂದು ಓದುತ್ತದೆ, ತುದಿ ಮುಟ್ಟಿದರೆ ಮತ್ತೆ ಮೊದಲಿನಿಂದ. ಸಂದೇಶವಾಗಿ ಹೋಗುವುದು ಎಷ್ಟು ಬೈಟು ಇಟ್ಟೆ, ಎಷ್ಟು ತೆಗೆದೆ ಎಂಬ ಅಂಕಿ ಮಾತ್ರ. ಕ್ರೋಮಿಯಂನಲ್ಲಿ ‘ಮೋಜೋ’ ಎಂಬ ಪದರದೊಳಗೆ ಇಂಥ ಕೊಳವೆ ಇದೆ. ಫೈರ್‌ಫಾಕ್ಸ್‌ನಲ್ಲಿ ಅದರ ಹೆಸರು ‘ಡೇಟಾಪೈಪ್’. ಕಟ್ಟೆ ತುಂಬಿದರೆ ಬರೆಯುವ ಕಡೆ ನಿಲ್ಲುತ್ತದೆ, ಜಾಲದಿಂದ ಓದುವುದನ್ನೂ ನಿಲ್ಲಿಸುತ್ತದೆ. ಆಗ ಆಪರೇಟಿಂಗ್ ಸಿಸ್ಟಮಿನ ಕೈಯಲ್ಲಿರುವ ಪಾತ್ರೆ ತುಂಬುತ್ತದೆ. ಅದು ತುಂಬಿದಾಗ ಟಿಸಿಪಿ ಎಂಬ ಜಾಲದ ನಿಯಮ ಆಚೆ ತುದಿಯ ಸರ್ವರ್‌ಗೆ "ಸ್ವಲ್ಪ ತಡಿ" ಎನ್ನುತ್ತದೆ. ಕಾರ್ಕಳದ ಹಳೆಯ ಲ್ಯಾಪ್‌ಟಾಪ್ ದಣಿದದ್ದು ಸಮುದ್ರದಾಚೆಯ ಯಂತ್ರಕ್ಕೆ ತಿಳಿದು ಅದು ಕೈ ನಿಧಾನ ಮಾಡುತ್ತದೆ. ನಮ್ಮಲ್ಲಿ ಊಟದ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ತುಳುವಿನಲ್ಲಿ "ಯಾವು, ಯಾವು" ಅನ್ನುತ್ತೇವೆ, ಸಾಕು ಎಂದು. ಬಡಿಸುವವನು ಎಷ್ಟೇ ಉತ್ಸಾಹಿಯಾಗಿದ್ದರೂ ಆ ಕೈ ಕಂಡರೆ ನಿಲ್ಲಿಸಲೇಬೇಕು. ನಾನು ತರಗತಿಯಲ್ಲಿ ಇದಕ್ಕೆ ಬೇರೆ ಹೆಸರು ಕೊಡುವುದೇ ಇಲ್ಲ. ‘ಯಾವು ಹೇಳಲು ಬರುವ ಕೊಳವೆ’ ಎಂದೇ ಪಾಠ.

ಈ ಯೋಚನೆ ಹೊಸದೇನೂ ಅಲ್ಲ. ಬೆಲ್ ಲ್ಯಾಬ್ಸ್‌ನ ಡಗ್ ಮೆಕ್‌ಇಲ್ರಾಯ್ 1964ರಲ್ಲೇ ಪ್ರೋಗ್ರಾಂಗಳನ್ನು ತೋಟದ ನೀರಿನ ಪೈಪುಗಳ ಹಾಗೆ ಒಂದಕ್ಕೊಂದು ತಿರುಗಿಸಿ ಜೋಡಿಸುವಂತಿರಬೇಕು ಎಂದು ಬರೆದಿಟ್ಟಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸ್‌ಗೆ ತಂದರು. ಲಿನಕ್ಸ್‌ನಲ್ಲಿ ಈಗಲೂ ಒಂದು ಪೈಪು ಸಾಮಾನ್ಯವಾಗಿ ಹಿಡಿಯುವುದು 65,536 ಬೈಟು, ಅಂದರೆ 64 ಕಿಲೋಬೈಟ್. ಎರಡು ಎಂಬಿಯ ಒಂದು ಫೋಟೊ ದಾಟಬೇಕೆಂದರೆ ಅಂಥ ಕಟ್ಟೆ 32 ಸಲ ತುಂಬಿ ಖಾಲಿಯಾಗಬೇಕು.

ಈ 65,536 ಎಂಬ ಅಂಕಿಯನ್ನು ಕನ್ನಡದವರು ಒಮ್ಮೆ ಹತ್ತಿರದಿಂದ ನೋಡಬೇಕು. ಆ ಮಧ್ಯಾಹ್ನ ನಾನೂ ಅವಳೂ ನೋಡಿದ್ದು ಅದನ್ನೇ.

ಬೋರ್ಡಿನ ಮೇಲೆ ‘ಮ’ ಎಂದು ಬರೆದೆ. ಅದರ ಕೆಳಗೆ 224, 178, 174. ಯೂನಿಕೋಡಿನ ಯುಟಿಎಫ್-8 ಎಂಬ ಕ್ರಮದಲ್ಲಿ ‘ಮ’ ಅಂದರೆ ಈ ಮೂರು ಬೈಟು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಕಾಗುಣಿತ ಚಿಹ್ನೆಗೆ ಮೂರು. ‘ಉಡುಪಿ’ ಹದಿನೈದು ಬೈಟು, ‘ಮಣಿಪಾಲ’ ಹದಿನೆಂಟು, ‘ಕ್ಷ’ ಒಂದೇ ಒಂಬತ್ತು. ಎಲ್ಲವೂ 224ರಿಂದಲೇ ಶುರು, ನಂತರ 178 ಅಥವಾ 179, ಕೊನೆಯದು ಮಾತ್ರ ಬೇರೆ ಬೇರೆ. "ಈಗ 65,536ನ್ನು ಮೂರರಿಂದ ಭಾಗಿಸು" ಅಂದೆ. ಅವಳು ಭಾಗಿಸಿದಳು. 21,845 ಬಂತು, ಶೇಷ ಒಂದು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಬರೀ ಕನ್ನಡ ಅಕ್ಷರಗಳಿಂದ ಅಂಥ ಕಟ್ಟೆಯನ್ನು ತುಂಬಿಸಿದರೆ 21,845 ಅಕ್ಷರ ಇಡಿಯಾಗಿ ಕೂರುತ್ತವೆ, ಮುಂದಿನದರ ತಲೆ ಮಾತ್ರ ಒಳಗೆ, ಮೈ ಹೊರಗೆ. ಆ 224 ಈ ಕಂತಿನಲ್ಲಿ, 178, 174 ಮುಂದಿನ ಕಂತಿನಲ್ಲಿ. ಓದುವ ಪ್ರೋಗ್ರಾಂ ಪ್ರತಿ ಕಂತನ್ನೂ ಪೂರ್ಣ ಎಂದು ತಿಳಿದು ಬಿಡಿಸಲು ಹೋದರೆ ಒಂಟಿ 224 ಅದಕ್ಕೆ ಅರ್ಥವಾಗುವುದಿಲ್ಲ, ಒಂದು ಪ್ರಶ್ನೆಚಿಹ್ನೆ ಹಾಕುತ್ತದೆ. ಮುಂದಿನ ಕಂತಿನ ಮೊದಲ ಎರಡು ಬೈಟುಗಳೂ ಅನಾಥ, ಇನ್ನೆರಡು ಚಿಹ್ನೆ. ಅಜ್ಜನ ಒಂದು ‘ಮ’ ಮೂರು ಕಪ್ಪು ವಜ್ರಗಳಾಗಿ ಒಡೆಯುವುದು ಹೀಗೆ. ನಿಜವಾದ ಪುಟದಲ್ಲಿ ಅಕ್ಷರಗಳ ನಡುವೆ ಒಂದೊಂದೇ ಬೈಟಿನ ಖಾಲಿ ಜಾಗ, ಪೂರ್ಣವಿರಾಮಗಳೂ ಇರುತ್ತವೆ, ಕಂತಿನ ಅಳತೆಯೂ ಜಾಲದ ಓಟಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಬಿರುಕು ಎಲ್ಲಿ ಬೇಕಾದರೂ ಬೀಳಬಹುದು. ರೀಲೋಡ್ ಮಾಡಿದಾಗ ಜಾಗ ಬದಲಾದದ್ದು ಅದಕ್ಕೇ.

ಬ್ರೌಸರ್ ಸ್ವತಃ ಈ ತಪ್ಪು ಮಾಡುವುದಿಲ್ಲ. ಅದರ ಅಕ್ಷರ ಬಿಡಿಸುವ ಭಾಗ ಅರ್ಧ ಬಂದ ಅಕ್ಷರವನ್ನು ಕೈಯಲ್ಲೇ ಹಿಡಿದುಕೊಂಡು ಉಳಿದರ್ಧಕ್ಕೆ ಕಾಯುತ್ತದೆ. ತಪ್ಪು ಇದ್ದದ್ದು ಅವಳು ಬರೆದ ಸ್ಕ್ರಿಪ್ಟಿನಲ್ಲಿ. ಬಿಡಿಸುವವನಿಗೆ ‘ಸ್ಟ್ರೀಮ್: ಟ್ರೂ’ ಎಂದು ಹೇಳಿರಲಿಲ್ಲ, ಇನ್ನೂ ಬರಲಿಕ್ಕಿದೆ, ಮುಗಿಯಿತೆಂದುಕೊಳ್ಳಬೇಡ ಎಂಬ ಸೂಚನೆ ಕೊಟ್ಟಿರಲಿಲ್ಲ. ಆ ಎರಡು ಪದ ಸೇರಿಸಿದಳು. ಪ್ರಸಂಗ ಮೊದಲಿಂದ ಕೊನೆಯವರೆಗೆ ಒಂದೂ ಬಿರುಕಿಲ್ಲದೆ ಇಳಿಯಿತು.

ನನ್ನನ್ನು ಕಾಡಿದ ಸಂಗತಿ ಅದರ ನಂತರದ್ದು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡುವವನಿಗೆ ಈ ತಪ್ಪು ಜನ್ಮದಲ್ಲಿ ಕಾಣುವುದಿಲ್ಲ. ಒಂದು ಬೈಟಿನ ಅಕ್ಷರವನ್ನು ಎಲ್ಲಿ ಕತ್ತರಿಸಿದರೂ ಅದು ಇಡಿಯಾಗಿಯೇ ಇರುತ್ತದೆ. ಕನ್ನಡದಲ್ಲಿ ಬರೆದವಳಿಗೆ ಮೊದಲ ದಿನವೇ ಕಂಡಿತು. 4 ಜಿಬಿಯ ಲ್ಯಾಪ್‌ಟಾಪ್ ಇದ್ದವಳಿಗೆ ಮೆಮೊರಿಯ ರಾಶಿ ಕಂಡಿತು. ಕೊಳವೆಯ ತೂತು ಎಲ್ಲಿದೆ ಎಂದು ಗೊತ್ತಾಗುವುದು ನೀರು ಕಡಿಮೆ ಬರುವ ಮನೆಗೆ. ಹಾಗಿರುವಾಗ ಕೊಳವೆ ರಿಪೇರಿಯ ಕೆಲಸದಲ್ಲಿ ಆ ಮನೆಯವರು ಇರಬೇಕೋ ಬೇಡವೋ?

ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ನಮ್ಮ ಗಮನ ಬೇರೆಡೆ ಇದೆ. ನಮಗೆ ‘ಸ್ವದೇಶಿ ಬ್ರೌಸರ್’ ಬೇಕೆಂಬ ಆಸೆ ಆಗಾಗ ಬರುತ್ತದೆ. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಸಂಸ್ಥೆ 2010ರಲ್ಲಿ ಫೈರ್‌ಫಾಕ್ಸ್‌ನ ತಳಹದಿಯ ಮೇಲೆ ‘ಎಪಿಕ್’ ಬ್ರೌಸರ್ ತಂದಿತು, ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಲಭ್ಯದೊಂದಿಗೆ. ಕೆಲವೇ ವರ್ಷಗಳಲ್ಲಿ ಅದು ಕ್ರೋಮಿಯಂ ತಳಹದಿಗೆ ಹೋಯಿತು. 2023ರಲ್ಲಿ ಕೇಂದ್ರ ಸರ್ಕಾರ ಭಾರತೀಯ ವೆಬ್ ಬ್ರೌಸರ್ ಸ್ಪರ್ಧೆ ಘೋಷಿಸಿತು, ನಡೆಸಿದ್ದು ಬೆಂಗಳೂರಿನ ಸಿ-ಡ್ಯಾಕ್. 2025ರ ಮಾರ್ಚ್‌ನಲ್ಲಿ ಜೋಹೊ ಸಂಸ್ಥೆಗೆ ಒಂದು ಕೋಟಿಯ ಮೊದಲ ಬಹುಮಾನ ಬಂತು. ಅವರ ‘ಉಲಾ’ ಕೂಡ ಕ್ರೋಮಿಯಂ ಮೇಲೆ ನಿಂತದ್ದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮಣಿಪಾಲದಲ್ಲೇ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಮುಖ್ಯಸ್ಥರಾಗಿರುವ ಮೈಕ್ರೋಸಾಫ್ಟ್ ಕೂಡ ತನ್ನ ಸ್ವಂತ ಎಂಜಿನ್ ಕೈಬಿಟ್ಟು 2020ರಲ್ಲಿ ಎಡ್ಜ್ ಬ್ರೌಸರನ್ನು ಕ್ರೋಮಿಯಂ ಮೇಲೆ ನಿಲ್ಲಿಸಿತು. ಅಷ್ಟು ದೊಡ್ಡ ಕಂಪನಿಗೇ ಒಬ್ಬಂಟಿಯಾಗಿ ಎಂಜಿನ್ ಸಾಕುವುದು ಬೇಡವಾಯಿತು.

ಹಾಗಾದರೆ ಹೆಸರು, ಬಣ್ಣ, ಮುಖಪುಟ ಬದಲಾದರೂ ಒಳಗಿನ ಕಿಟಕಿಕಟ್ಟೆ ಒಂದೇ. ಸ್ವದೇಶಿ ಎಂದು ಬೋರ್ಡು ಹಾಕಿದ ಹೋಟೆಲಿನಲ್ಲೂ ಅದೇ ಕಟ್ಟೆ. ಆ ಕಟ್ಟೆಯನ್ನು ಸರಿಮಾಡುವಲ್ಲಿ ನಮ್ಮ ಕೈ ಇದ್ದರೆ ಎಲ್ಲ ಹೋಟೆಲುಗಳಲ್ಲೂ ನಮ್ಮ ಕೈ ಇದ್ದ ಹಾಗೆ. ಕ್ರೋಮಿಯಂ, ಫೈರ್‌ಫಾಕ್ಸ್ ಎರಡರ ಮೂಲಸಂಕೇತವೂ ಬಹಿರಂಗ. ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಕಳಿಸಬಹುದು. ಮೊದಲ ಸಲ ಬರುವವರಿಗೆಂದೇ ಸಣ್ಣ ದೋಷಗಳನ್ನು ಗುರುತಿಸಿ ಇಟ್ಟಿರುತ್ತಾರೆ. ಎಲ್ಲ ಬ್ರೌಸರ್‌ಗಳೂ ಸೇರಿ ನಡೆಸುವ ‘ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್’ ಎಂಬ ಪರೀಕ್ಷಾ ಭಂಡಾರವಿದೆ. ಅಲ್ಲಿಗೆ ಒಂದು ಕನ್ನಡದ ಪರೀಕ್ಷೆ ಸೇರಿದರೆ ಅದು ಎಲ್ಲರ ಮೇಲೂ ಓಡುತ್ತದೆ.

ಮಾಡಬೇಕಾದ ಕೆಲಸವೂ ಸಾಕಷ್ಟಿದೆ. ಹಂಚಿಕೊಂಡ ಕಟ್ಟೆಯೆಂದರೆ ಎಲ್ಲ ಸುಸೂತ್ರ ಅಲ್ಲ. ಪ್ರತಿ ಸಣ್ಣ ಐಕಾನಿಗೂ ಒಂದೊಂದು ಪೂರ್ತಿ ಕಟ್ಟೆ ಕಟ್ಟಿದರೆ, ನೂರು ಚೂರು ಇರುವ ಪುಟದಲ್ಲಿ ಕಟ್ಟೆಗಳೇ ಮೆಮೊರಿ ತಿನ್ನುತ್ತವೆ. ಕಟ್ಟೆ ಚಿಕ್ಕದಾದರೆ "ತೆಗೆದೆ, ತೆಗೆದೆ" ಎಂಬ ಕೂಗುಗಳೇ ಹೆಚ್ಚಾಗಿ ಕೆಲಸ ನಿಧಾನವಾಗುತ್ತದೆ. ಸುರಕ್ಷತೆಯದು ಇನ್ನೊಂದು ತಲೆನೋವು. ಕಟ್ಟೆಗೆ ಹಾಲಿನ ಕಡೆಯಿಂದಲೂ ಕೈ ಎಟಕುತ್ತದೆ. ಪುಟದ ಪ್ರಕ್ರಿಯೆ ದುಷ್ಟರ ಕೈಗೆ ಸಿಕ್ಕಿದ್ದರೆ, ಎಂಟೇ ಪ್ಲೇಟು ಹಿಡಿಯುವ ಕಟ್ಟೆಯಿಂದ ತೊಂಬತ್ತು ತೆಗೆದೆ ಎಂದು ಸುಳ್ಳು ಕೂಗಬಹುದು. ಆ ಲೆಕ್ಕವನ್ನು ನಂಬಿ ಬರೆಯುತ್ತಾ ಹೋದರೆ ಕಟ್ಟೆಯಾಚೆಯ ಮೆಮೊರಿ ಹಾಳು. ಹಾಗಾಗಿ ಪ್ರತಿ ಅಂಕಿಯನ್ನೂ ಅಳೆದು ನೋಡಬೇಕು. ಮುಖ್ಯ ಪ್ರಕ್ರಿಯೆ ಓದುವ ಬದಿಯಲ್ಲಿದ್ದಾಗ, ಪರಿಶೀಲಿಸಬೇಕಾದ ಮಾಲನ್ನು ಮೊದಲು ತನ್ನೊಳಗೆ ಎತ್ತಿಟ್ಟುಕೊಂಡೇ ಪರಿಶೀಲಿಸಬೇಕು. ಇಲ್ಲವಾದರೆ ನೋಡಿದ ಮೇಲೆ ಯಾರೋ ಬದಲಾಯಿಸಿರುತ್ತಾರೆ. ನಕಲು ತಪ್ಪಿಸಲು ಕಟ್ಟಿದ ಕಟ್ಟೆಯಲ್ಲೂ ಎಲ್ಲಿ ನಕಲು ಬೇಕೇ ಬೇಕು ಎಂದು ತಿಳಿದಿರುವುದೇ ಈ ಕೆಲಸದ ಜಾಣ್ಮೆ.

ಕಟ್ಟೆಯ ಅಳತೆ ಎಷ್ಟಿರಬೇಕು, ಸಣ್ಣ ಮಾಲಿಗೆ ಕಟ್ಟೆ ಬೇಕೋ ನೇರ ಸಂದೇಶವೇ ಸಾಕೋ ಎಂಬುದೆಲ್ಲ ಕೂತು ಯೋಚಿಸಿದರೆ ತಿಳಿಯುವುದಿಲ್ಲ, ಅಳೆಯಬೇಕು. ಹಳೆಯ ಲ್ಯಾಪ್‌ಟಾಪಿನಲ್ಲಿ, ಅಗ್ಗದ ಮೊಬೈಲಿನಲ್ಲಿ, ಮಳೆಗಾಲದಲ್ಲಿ ಎರಡು ಗೆರೆ ಸಿಗ್ನಲ್ ಬರುವ ಊರಿನಲ್ಲಿ ಅಳೆಯಬೇಕು. ಅಂಥ ಪ್ರಯೋಗಶಾಲೆ ಉಡುಪಿ ಜಿಲ್ಲೆಯ ಪ್ರತಿ ಹಾಸ್ಟೆಲಿನಲ್ಲೂ ಇದೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ಹೊಸತೇ ಒಂದು ಆ್ಯಪ್ ಮಾಡಬೇಕು ಎಂಬ ಅಲಿಖಿತ ನಿಯಮವಿದೆ. ಹಾಜರಿ ಆ್ಯಪ್, ಕ್ಯಾಂಟೀನ್ ಆ್ಯಪ್. ಮೌಲ್ಯಮಾಪನ ಮುಗಿದ ಮರುವಾರ ಅವು ಯಾರಿಗೂ ಬೇಡ. ಅದರ ಬದಲು, ಲಕ್ಷಾಂತರ ಸಾಲುಗಳ ಜೀವಂತ ಸಂಕೇತದಲ್ಲಿ ಇಪ್ಪತ್ತು ಸಾಲನ್ನು ಸರಿಯಾಗಿ ತಿದ್ದಿ, ಅಪರಿಚಿತ ಪರಿಶೀಲಕರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಒಪ್ಪಿಸಿದರೆ ಅದನ್ನೂ ಪೂರ್ಣ ಅಂಕದ ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಗೆ ಸಿಗದೆ ವಾಪಸಾದರೂ, ಯಾಕೆ ವಾಪಸಾಯಿತೆಂದು ಬರೆದು ತಂದರೆ ಅಂಕ ಕೊಡಬೇಕು. ನನ್ನ ಬೇಡಿಕೆ ಇಷ್ಟೇ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ವಿಶ್ವವಿದ್ಯಾಲಯದ ನಿಯಮಪುಸ್ತಕದಲ್ಲಿ ಒಂದು ವಾಕ್ಯ ಸೇರಿದರೆ ಸಾಕು.

ಸಹೋದ್ಯೋಗಿಯೊಬ್ಬರು ಇದಕ್ಕೆ ತೆಗೆದ ತಕರಾರನ್ನು ನಾನು ತಳ್ಳಿಹಾಕುವುದಿಲ್ಲ. ಅಂಕ ಕೊಡುತ್ತೇವೆಂದರೆ ಮಕ್ಕಳು ಕಸ ಕಳಿಸುತ್ತಾರೆ ಎಂದರು. 2020ರ ಅಕ್ಟೋಬರ್‌ನಲ್ಲಿ ಒಂದು ಟೀ ಶರ್ಟಿನ ಆಸೆಗೆ ಎಷ್ಟೋ ಜನ ಬಹಿರಂಗ ಯೋಜನೆಗಳಿಗೆ ಅರ್ಥವಿಲ್ಲದ ತಿದ್ದುಪಡಿಗಳನ್ನು ಸುರಿದು, ಅವನ್ನು ನೋಡಿಕೊಳ್ಳುವವರನ್ನು ಹೈರಾಣ ಮಾಡಿದ್ದು ನಿಜ. ಪರಿಶೀಲಕರೂ ಮನುಷ್ಯರೇ, ಅವರ ಸಮಯವೂ ಎಂಟು ಪ್ಲೇಟಿನ ಕಟ್ಟೆ. ಅದಕ್ಕೆ ಮೊದಲ ಪರಿಶೀಲನೆ ನಮ್ಮ ಕಾಲೇಜಿನಲ್ಲೇ ಆಗಬೇಕು. ಮೇಷ್ಟ್ರು ಓದಿ, ಓಡಿಸಿ ನೋಡಿ, ಸರಿ ಎನಿಸಿದರಷ್ಟೇ ಆಚೆ ಹೋಗಬೇಕು. ಅಂದರೆ ಮೇಷ್ಟ್ರುಗಳೂ ಆ ಸಂಕೇತವನ್ನು ಓದಲು ಕಲಿಯಬೇಕು. ಕಷ್ಟವಿದೆ. ನನಗೂ ಡೇಟಾಪೈಪ್‌ನ ಕಡತ ಕೈಗೆ ಹತ್ತಲು ಒಂದು ದಸರಾ ರಜೆ ಪೂರ್ತಿ ಬೇಕಾಯಿತು.

ಈ ಊರಿಗೆ ಇದು ಹೊಸ ದಾರಿಯಲ್ಲ ಎಂಬುದು ನನ್ನ ಧೈರ್ಯ. ಕನ್ನಡ ಟೈಪಿಸುವ ಕೀಲಿಮಣೆಯ ವಿನ್ಯಾಸ ಕೊಟ್ಟ ನಾಡೋಜ ಕೆ.ಪಿ. ರಾವ್, ಕಿನ್ನಿಕಂಬಳ ಪದ್ಮನಾಭ ರಾವ್, ಮಣಿಪಾಲದ ನಂಟಿನವರು. ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟರು. ‘ನುಡಿ’ಯಲ್ಲಿ ನಾವು ಬಳಸುವ ಕೀಲಿ ಜೋಡಣೆಯ ಮೂಲ ಅವರದು. ಅವರು ಕೈಯಿಟ್ಟದ್ದು ಎಲ್ಲರ ಕೆಳಗಿನ ಪದರದಲ್ಲಿ. ಕಥೆ ಬರೆಯುವವರು, ಕಚೇರಿ ಪತ್ರ ಬರೆಯುವವರು, ಅಜ್ಜನ ಪ್ರಸಂಗ ಟೈಪ್ ಮಾಡುವ ಮೊಮ್ಮಗಳು, ಎಲ್ಲರೂ ಆ ಪದರದ ಮೇಲೆ ನಿಂತಿದ್ದೇವೆ, ಕೆಳಗೊಂದು ಪದರ ಇದೆ ಎಂಬ ನೆನಪೂ ಇಲ್ಲದೆ.

ಅಪ್ಪನ ಹೋಟೆಲು ಈಗಿಲ್ಲ, ಹೆದ್ದಾರಿ ಅಗಲವಾದಾಗ ಹೋಯಿತು. ಕಡಪ ಕಲ್ಲಿನ ಕಟ್ಟೆಯನ್ನು ಮಾತ್ರ ಅಮ್ಮ ಮನೆಗೆ ತರಿಸಿ ಬಾವಿಯ ಬಳಿ ಹಾಸಿಸಿದ್ದಾರೆ. ಎಡತುದಿ ಪ್ಲೇಟು ತಾಗಿ ತಾಗಿ ಸವೆದಿದೆ.

ಆ ಹುಡುಗಿ ಡಿಸೆಂಬರಿನಲ್ಲಿ ಒಂದು ಪರೀಕ್ಷೆ ಬರೆದಳು: 21,846 ‘ಮ’ಗಳ ಒಂದು ಕಡತ, ಕಟ್ಟೆಯಲ್ಲಿ ಇಡಿಯಾಗಿ ಹಿಡಿಯುವುದಕ್ಕಿಂತ ಒಂದೇ ಒಂದು ಹೆಚ್ಚು. ಕಂತುಗಳಲ್ಲಿ ಹಾಯ್ದು ಆಚೆ ಬಂದ ಮೇಲೆ ಎಲ್ಲ ‘ಮ’ಗಳೂ ಇಡಿಯಾಗಿವೆಯೇ ಎಂದು ಎಣಿಸುತ್ತದೆ. ನಾನು ಎರಡು ಸಲ ವಾಪಸು ಕೊಟ್ಟು ತಿದ್ದಿಸಿದೆ. ಹೊರಗಿನ ಪರಿಶೀಲಕರೊಬ್ಬರು ಮೊನ್ನೆ ಮತ್ತೆರಡು ಟಿಪ್ಪಣಿ ಬರೆದಿದ್ದಾರೆ: ಕತ್ತರಿ ಎರಡನೇ ಬೈಟಿನ ನಂತರ ಬೀಳುವ ಸಂದರ್ಭವನ್ನೂ ಸೇರಿಸು, ಹೆಸರು ಸ್ವಲ್ಪ ಚಿಕ್ಕದು ಮಾಡು. ಅವಳು ಲ್ಯಾಬಿನಲ್ಲಿ ಅದನ್ನೇ ಮಾಡುತ್ತಿದ್ದಾಳೆ. ಸೋಮವಾರ ಮತ್ತೆ ಕಳಿಸುತ್ತಾಳಂತೆ.